ಎಣ್ಣೆಯ ತಿರುಪು

ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಏಮಸ್ ಟ್ರೋಮನ್ಸ್ ಎಣ್ಣೆಯ ತಿರುಪನ್ನು ಅರ್ಧ ಸುತ್ತು ಸಡಿಲಿಸಿದ. ನೋಡುವುದಕ್ಕೆ ಅಲ್ಲಿ ಯಾರಿದ್ದರು? ಹಿತ್ತಿಲ ಕುಲುಮೆಯಲ್ಲಿ ಅವನೂ ಅವನ ಎಂಜಿನ್ನೂ ಬಿಟ್ಟರೆ ಇನ್ನೊಂದು ನರಪಿಳ್ಳೆ ಇರಲಿಲ್ಲ. ಆದರೂ ಡಬ್ಬಿಯಿಂದ ಸಕ್ಕರೆ ಕದ್ದ ಹುಡುಗನ ಹಾಗೆ ಬಾಗಿಲ ಕಡೆ ತಿರುಗಿ ನೋಡಿದ. ಎಣ್ಣೆಯ ನಲ್ಲಿ ತೆರೆದು, ಗಾಜಿನ ಬುರುಡೆಯೊಳಗೆ ಹರಳೆಣ್ಣೆ ತೊಟ್ಟಿಕ್ಕುವುದನ್ನು ಪರೀಕ್ಷಿಸಿದ. ತಿರುಪಿನ ತಲೆಯ ಮೇಲೆ ತಾನೇ ಅರದಿಂದ ಎಳೆದಿದ್ದ ಗೀರು, ಕೆಳಗಿನ ಹಿತ್ತಾಳೆಯ ಗೀರಿಗೆ ಎದುರಾಗಿ ಇರಬೇಕಾದದ್ದು, ಈಗ ಬೆನ್ನು ತಿರುಗಿಸಿ ನಿಂತಿತ್ತು. ಇರಲಿ, ಇವತ್ತೊಂದು ದಿನದ ಮಟ್ಟಿಗೆ. ಎಣ್ಣೆ ಹೆಚ್ಚಾದರೆ ಎಂಜಿನ್ನಿನೊಳಗಿನ ಉರುಳೆ ಕಚ್ಚಿಕೊಂಡು ನಿಲ್ಲುವುದಿಲ್ಲ. ಸ್ವಲ್ಪ ಹೊಗೆ ಬರುತ್ತದೆ, ಅಷ್ಟೆ. ಹೊಗೆ ಯಾವ ಎಂಜಿನ್ನಿನಲ್ಲಿ ಬರುವುದಿಲ್ಲ? ಹೀಗೆ ತನಗೆ ತಾನೇ ಹೇಳಿಕೊಂಡು ನಲ್ಲಿ ಮುಚ್ಚಿದ. ಹೊರಗೆ, ವಠಾರದ ಒಗೆಯುವ ಮನೆಯಲ್ಲಿ, ತೊಟ್ಟಿಯೊಳಗಿನ ಬಟ್ಟೆಯನ್ನು ಮರದ ಕೋಲಿನಿಂದ ಕುಟ್ಟುವ ಧಬ್ ಧಬ್ ಸದ್ದು ಬೆಳಗಿನಿಂದ ನಿಂತಿರಲಿಲ್ಲ. ಅವತ್ತು ಸೋಮವಾರ, ಒಗೆತದ ದಿನ.

ಸೋಮವಾರವನ್ನೇ ಅವನು ಮರೆತಿದ್ದ. ಕ್ರೇಡ್ಲಿ ಹೀತಿನಲ್ಲಿ ಹುಟ್ಟಿ ಬೆಳೆದವನು ಸೋಮವಾರ ಮರೆಯುವುದೆಂದರೆ ಏನು ಹೇಳಬೇಕು? ಆದರೆ ಗಂಡಸರು ಮರೆಯುತ್ತಾರೆ. ಸೋಮವಾರ ಬೆಳಕು ಹರಿಯುವ ಮುಂಚೆ ಮನೆ ಬಿಟ್ಟು ಕಾರ್ಖಾನೆ ಸೇರುವವರಿಗೆ, ಆ ದಿನ ವಠಾರದಲ್ಲಿ ಹಗ್ಗದಿಂದ ಹಗ್ಗಕ್ಕೆ ಹಬ್ಬುವ ಬಿಳಿಯ ರಾಜ್ಯ ಕಣ್ಣಿಗೆ ಬಿದ್ದಿರುವುದೇ ಇಲ್ಲ. ಅವರು ಕಾಣುವುದು ಸಂಜೆ ಮಡಚಿಟ್ಟ ರಾಶಿ ಮತ್ತು ತಟ್ಟೆಯಲ್ಲಿ ಭಾನುವಾರ ಉಳಿದ ತಣ್ಣನೆಯ ಮಾಂಸ. ಕವೆಂಟ್ರಿಯ ಮೋಟರ್ ಸೈಕಲ್ ಕಂಪನಿಯ ಮಿಸ್ಟರ್ ಆಸ್ಟಿಲ್ ತಾನು ಬರ್ಮಿಂಗ್‌ಹ್ಯಾಮಿಗೆ ಬರುವವನಿದ್ದೇನೆ, ಸೋಮವಾರ ಬೆಳಿಗ್ಗೆ ನಿಮ್ಮ ಉರುಳೆ ವಾಲ್ವಿನ ಎಂಜಿನ್ನು ನೋಡಬಹುದೇ ಎಂದು ಕೇಳಿದಾಗ ಏಮಸ್ ಹಿಂದುಮುಂದು ನೋಡದೆ ಆಗಬಹುದು ಅಂದುಬಿಟ್ಟ. ಹೆಂಡತಿ ಹೆಪ್ಸಿಗೆ ಕುಣಿಯುತ್ತಾ ಬಂದು ಹೇಳಿದ. ಅವಳು ಹಿಟ್ಟು ಲಟ್ಟಿಸುತ್ತಿದ್ದವಳು ಕೈ ನಿಲ್ಲಿಸಿ, "ಸೋಮವಾರಾನಾ?" ಅಂದಳು. ಅಷ್ಟೇ ಅಂದದ್ದು.

ಶನಿವಾರ ಸಂಜೆ ಟೋಪಿ ಕೈಯಲ್ಲಿ ಹಿಡಿದುಕೊಂಡು ಅವನು ಮಿಸೆಸ್ ಟಿಬೆಟ್ಸ್ ಮನೆಯ ಬಾಗಿಲಿಗೆ ಹೋಗಿದ್ದ. ವಠಾರದ ಹೆಂಗಸರೆಲ್ಲ ಅವಳ ಮಾತಿನ ಮೇಲೆ ನಡೆಯುವವರು. ಈ ಒಂದು ವಾರ ಒಗೆತವನ್ನು ಮಂಗಳವಾರಕ್ಕೆ ಹಾಕಿಕೊಳ್ಳಬಹುದೇ ಎಂದು ಕೇಳುವಾಗಲೇ ತಾನು ಕೇಳಬಾರದ್ದನ್ನು ಕೇಳುತ್ತಿದ್ದೇನೆ ಎಂದು ಅವನಿಗೆ ಗೊತ್ತಾಯಿತು. ಮಿಸೆಸ್ ಟಿಬೆಟ್ಸ್ ಸಿಟ್ಟಾಗಲಿಲ್ಲ. ಈ ಚಳಿಗಾಲ ದೊರೆ ಸತ್ತ ವಾರವೂ ಈ ವಠಾರದಲ್ಲಿ ಸೋಮವಾರದ ಒಗೆತ ನಿಂತಿರಲಿಲ್ಲ, ನಿನ್ನ ಎಂಜಿನ್ನು ದೊರೆಗಿಂತ ದೊಡ್ಡದೇನಪ್ಪ ಎಂದು ಸಮಾಧಾನವಾಗಿಯೇ ಕೇಳಿದಳು. ಬರುವ ಭಾನುವಾರ ಚಾಪೆಲ್ಲಿನ ವಾರ್ಷಿಕೋತ್ಸವ. ವಠಾರದ ಹುಡುಗಿಯರೆಲ್ಲ ಬಿಳಿ ಫ್ರಾಕು ತೊಟ್ಟು ಮೆಟ್ಟಿಲು ಮೆಟ್ಟಿಲಾಗಿ ನಿಂತು ಹಾಡಬೇಕು. ಆ ಫ್ರಾಕುಗಳನ್ನು ಅವಳೇ ಒಗೆದು, ನೀಲಿ ಹಾಕಿ, ಗಂಜಿ ಹಾಕಿ ಕೊಡುವುದು ಅವರ ಅಮ್ಮಂದಿರ ಕಾಲದಿಂದ ನಡೆದುಬಂದದ್ದು. ಅದೂ ಸೋಮವಾರ ಬೆಳಿಗ್ಗೆಯೇ ಆಗಬೇಕು. ಭಾನುವಾರ ತಣ್ಣಗಿದ್ದ ಕಾರ್ಖಾನೆಯ ಒಲೆಗಳು ಮತ್ತೆ ಉರಿದು ಮಧ್ಯಾಹ್ನದ ಹೊತ್ತಿಗೆ ಮಸಿ ಉದುರಲು ಶುರುವಾಗುತ್ತದೆ, ಅಷ್ಟರೊಳಗೆ ಬಟ್ಟೆ ಒಣಗಿ ಒಳಗೆ ಬಂದಿರಬೇಕು. "ನಿನ್ನ ಎಂಜಿನ್ನು ಓಡಿಸಬೇಡ ಅಂತ ನಾನು ಹೇಳಲ್ಲ ಏಮಸ್," ಅಂದಳು. "ಓಡಿಸು. ಒಂದು ಫ್ರಾಕಿನ ಮೇಲೆ ಒಂದು ಚುಕ್ಕೆ ಬಿದ್ದರೆ ಮಾತ್ರ, ಆ ಮಗೂನ ಕೈ ಹಿಡಕೊಂಡು ಚಾಪೆಲ್ಲಿಗೆ ನೀನೇ ಹೋಗು. ಎಲ್ಲರ ಮುಂದೆ ನಿಲ್ಲಿಸು."

ಅವಳಿಗೆ ಹಾಗನ್ನುವ ಹಕ್ಕಿತ್ತು. ಕಳೆದ ಶರತ್ಕಾಲದ ಒಂದು ಮಂಗಳವಾರ, ಅವನ ಎಂಜಿನ್ನಿನ ಹೊಗೆಯಲ್ಲಿ ತೇಲಿಬಂದ ಹರಳೆಣ್ಣೆಯ ತುಂತುರು, ಹಿಂದಿನ ದಿನ ಒಣಗದೆ ಹಗ್ಗದಲ್ಲೇ ಉಳಿದಿದ್ದ ಅವಳ ದಿಂಬಿನ ಚೀಲದ ಮೇಲೆ ಕೂತಿತ್ತು. ಒಗೆದರೆ ಹೋಗಲಿಲ್ಲ. ಇಸ್ತ್ರಿ ಹಾಕಿದರೆ ಹಳದಿಯಾಗಿ ಇನ್ನೂ ಎದ್ದು ಕಂಡಿತು. ಅವಳು ಜಗಳಕ್ಕೆ ಬರಲಿಲ್ಲ. ಆ ದಿಂಬಿನ ಚೀಲವನ್ನು ಕುಲುಮೆಯ ಬಾಗಿಲಿಗೆ ಮೊಳೆ ಹೊಡೆದು ತೂಗುಹಾಕಿ ಹೋದಳು. ಅದನ್ನು ತೆಗೆಯುವ ಧೈರ್ಯ ಅವನಿಗೂ ಬರಲಿಲ್ಲ, ಹೆಪ್ಸಿಗೂ ಬರಲಿಲ್ಲ. ಹೋಗಿಬರುವವರೆಲ್ಲ ನೋಡಿದರು. ಹೆಪ್ಸಿಯ ಅಣ್ಣ ಈನಕ್ ಬಂದವನು ಅದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕು, ಇದೇನು ಭಾವ, ಸೋತು ಶರಣಾಗೋಕೆ ಬಾವುಟ ಕಟ್ಟಿದ್ದೀಯಾ ಅಂದ. ಈನಕ್‌ನದು ಬಸ್ಸುಗಳ ಗ್ಯಾರೇಜು. ಬಸ್ಸುಗಳ ವಾಲ್ವು ಬಿಚ್ಚಿ, ಮಸಿ ಕೆರೆದು, ಉಜ್ಜಿ ಕೂರಿಸುವುದೇ ಅವನ ಅನ್ನ. ನಿನ್ನ ಉರುಳೆ ಗೆದ್ದರೆ ನಾನು ಬೀದಿಗೆ ಬಿದ್ದೆ, ಸೋತರೆ ನನ್ನಲ್ಲಿಗೇ ಬಾ, ವಾಲ್ವು ಉಜ್ಜೋಕೆ ಕೈ ಬೇಕು ಎಂದು ಪ್ರತಿ ಸಲ ಬಂದಾಗಲೂ ಹೇಳುತ್ತಿದ್ದ. ಮೊದಮೊದಲು ಅದು ತಮಾಷೆಯಾಗಿತ್ತು. ಈ ಸಲ ಏಮಸ್ ತಾನಾಗಿಯೇ ಹೆಪ್ಸಿಗೆ ಮಾತು ಕೊಟ್ಟುಬಿಟ್ಟಿದ್ದ: ಆಸ್ಟಿಲ್ ಮುಂದೆ ಇದು ಕೆಟ್ಟರೆ ಎಲ್ಲ ಬಿಚ್ಚಿ ಗುಜರಿಗೆ ಹಾಕಿ ಈನಕ್‌ನ ಗ್ಯಾರೇಜಿಗೆ ಹೋಗುತ್ತೇನೆ. ಹಾಗೆ ಮಾತು ಕೊಡು ಎಂದು ಹೆಪ್ಸಿ ಕೇಳಿರಲಿಲ್ಲ. ಬೇಡ ಎಂದೂ ಅನ್ನಲಿಲ್ಲ. ಅವಳು ಬೇಡ ಎನ್ನದೇ ಇದ್ದದ್ದು ಅಂದಿನಿಂದ ಅವನ ಗಂಟಲಲ್ಲಿ ಮುಳ್ಳಿನ ಹಾಗೆ ಕೂತಿತ್ತು.

ಹೆಪ್ಸಿಗೆ ಅವನು ಈ ಉರುಳೆ ವಾಲ್ವನ್ನು ಮೊದಲು ವಿವರಿಸಿದ್ದು ಅವಳ ಲಟ್ಟಣಿಗೆಯಿಂದಲೇ. ಮದುವೆಯಾದ ಹೊಸತು. ನೋಡು, ಎಲ್ಲರ ಎಂಜಿನ್ನಿನಲ್ಲೂ ತಲೆಯ ಮೇಲೆ ಅಣಬೆಯಾಕಾರದ ಎರಡು ವಾಲ್ವುಗಳಿರುತ್ತವೆ. ಒಂದು ಗಾಳಿ ಒಳಗೆ ಬಿಡಲು, ಇನ್ನೊಂದು ಹೊಗೆ ಹೊರಗೆ ಬಿಡಲು. ಒಂದು ಗೂಟ ಅವನ್ನು ಕುಟ್ಟಿ ಕುಟ್ಟಿ ತೆರೆಯುತ್ತದೆ, ಸ್ಪ್ರಿಂಗು ಎಳೆದು ಎಳೆದು ಮುಚ್ಚುತ್ತದೆ. ಟಕ ಟಕ ಟಕ ಟಕ, ಜೀವಮಾನವೆಲ್ಲ ಹೊಡೆತ. ಹೊಗೆಯ ವಾಲ್ವಂತೂ ಕೆಂಡವಾಗಿ ಬೆಂಕಿಯಲ್ಲೇ ಕೂತಿರುತ್ತದೆ. ವೇಗ ಹೆಚ್ಚಿಸಿದರೆ ಸ್ಪ್ರಿಂಗಿಗೆ ಉಸಿರು ಸಾಲದು. ಅದರ ಬದಲು ನಿನ್ನ ಲಟ್ಟಣಿಗೆಯ ಹಾಗೆ ಒಂದು ಉಕ್ಕಿನ ಉರುಳೆಯನ್ನು ಅಡ್ಡ ಮಲಗಿಸಿ, ಅದಕ್ಕೊಂದು ಕಿಂಡಿ ಕೊರೆದು, ಸುಮ್ಮನೆ ತಿರುಗಲು ಬಿಟ್ಟರೆ? ಕಿಂಡಿ ಎದುರಿಗೆ ಬಂದಾಗ ತೆರೆಯಿತು, ದಾಟಿದಾಗ ಮುಚ್ಚಿತು. ಕುಟ್ಟುವುದಿಲ್ಲ, ಎಳೆಯುವುದಿಲ್ಲ. ಹೆಪ್ಸಿ ಲಟ್ಟಣಿಗೆಯನ್ನು ಕೈಯಲ್ಲಿ ತಿರುಗಿಸಿ ನೋಡಿ, ಸಂದಿಯಲ್ಲಿ ಸೋರಲ್ವಾ ಅಂತ ಕೇಳಿದಳು. ಹದಿನಾರು ವರ್ಷಗಳಿಂದ ಅವನು ಉತ್ತರ ಹೇಳುತ್ತಿರುವುದು ಆ ಒಂದು ಪ್ರಶ್ನೆಗೆ. ಸಡಿಲ ಬಿಟ್ಟರೆ ಸೋರುತ್ತದೆ. ಬಿಗಿ ಮಾಡಿದರೆ ಕಾದು ಕಚ್ಚಿಕೊಳ್ಳುತ್ತದೆ. ಕಚ್ಚಬಾರದೆಂದು ಎಣ್ಣೆ ಸುರಿದರೆ ಎಣ್ಣೆ ಉರಿದು ಹೊಗೆ. ಮೊದಲ ಉರುಳೆ ಕೆಟಲಿನಲ್ಲಿ ನೀರು ಕುದಿಯುವಷ್ಟು ಹೊತ್ತೂ ಓಡದೆ ಕಚ್ಚಿಕೊಂಡಿತ್ತು. ಅದು ಈಗ ಅಡುಗೆಮನೆಯ ಬಾಗಿಲು ಹೊಡೆದುಕೊಳ್ಳದಂತೆ ತಡೆಯುವ ಕೆಲಸ ಮಾಡುತ್ತಿದೆ. ಎರಡನೆಯದು ಈನಕ್‌ನ ಮೇಜಿನ ಮೇಲೆ, ಬಂದವರಿಗೆಲ್ಲ ತೋರಿಸಲು. ಈ ಮೂರನೆಯದರ ಕೆಳಗೆ ಮಾತ್ರ ಏಮಸ್ ಒಂದು ತೊಟ್ಟಿಲು ಇಟ್ಟಿದ್ದ: ಸಿಲಿಂಡರಿನೊಳಗೆ ಒತ್ತಡ ಏರಿದಷ್ಟೂ ಉರುಳೆಗೆ ಒತ್ತಿಕೊಳ್ಳುವ, ಒತ್ತಡ ಇಳಿದೊಡನೆ ತಾನೇ ಸಡಿಲವಾಗುವ ತೊಟ್ಟಿಲು. ಪಕ್ಕದಲ್ಲಿ ಒಂದು ತೆಳ್ಳನೆಯ ಪಟ್ಟಿ, ಉರುಳೆಯ ಮೈಮೇಲಿನ ಎಣ್ಣೆ ಬೆಂಕಿಗೆ ತಲುಪುವ ಮುಂಚೆ ಒರೆಸಿಕೊಳ್ಳಲು. ಲೆಕ್ಕದ ಪ್ರಕಾರ ಎಣ್ಣೆ ಗೀರಿನಷ್ಟೇ ಸಾಕು. ಆದರೆ ಭಯಕ್ಕೆ ಲೆಕ್ಕ ಗೊತ್ತಿಲ್ಲವಲ್ಲ.

ಎಂಜಿನ್ನು ನಿಂತಿದ್ದ ಜಾಗದಲ್ಲೇ ಹಿಂದೆ ಅವನ ಅಮ್ಮ ಕಬ್ಬಿಣ ಬಡಿಯುತ್ತಿದ್ದ ಅಡಿಗಲ್ಲು ಇತ್ತು. ಅವಳು ಸರಪಳಿ ಮಾಡುವವಳು. ಎಡಗೈಯಲ್ಲಿ ತಿದಿ, ಬಲಗೈಯಲ್ಲಿ ಸುತ್ತಿಗೆ, ಮೂಲೆಯಲ್ಲಿ ತೂಗುಬಿಟ್ಟ ಪೆಟ್ಟಿಗೆಯೊಳಗೆ ಎಳೆಗೂಸು ಏಮಸ್. ಕಬ್ಬಿಣ ಬಿಳಿಯಾದ ಗಳಿಗೆಯಲ್ಲೇ ಕೊಂಡಿ ಕೂಡಿಸಬೇಕು, ಮುಂಚೆಯಾದರೆ ಅಂಟುವುದಿಲ್ಲ, ತಡವಾದರೆ ಸುಟ್ಟುಹೋಗುತ್ತದೆ. ಕಿಡಿ ಹಾರಿ ಮೊಣಕೈ ಸುಟ್ಟರೂ ಅವಳು ಕೈ ಹಿಂದಕ್ಕೆ ಎಳೆದುಕೊಂಡದ್ದನ್ನು ಅವನು ನೋಡಿದ್ದಿಲ್ಲ. ಹೆದರಿ ಕೈ ಎಳೆದುಕೊಂಡರೆ ಕೊಂಡಿ ಹುಸಿಯಾಗುತ್ತೆ ಮಗ, ಹೊರಗೆ ಕಾಣಲ್ಲ, ಯಾವತ್ತೋ ಒಂದು ದಿನ ಯಾರದೋ ತಲೆ ಮೇಲೆ ಕಿತ್ತುಕೊಂಡು ಬೀಳುತ್ತೆ ಅನ್ನುತ್ತಿದ್ದಳು. ಅವಳ ತಿದಿಯ ಕೋಲು ಹಾಯುತ್ತಿದ್ದ ಗೋಡೆಯ ತೂತಿನಿಂದಲೇ ಈಗ ಎಂಜಿನ್ನಿನ ಹೊಗೆಕೊಳವೆ ವಠಾರಕ್ಕೆ ಮೂತಿ ಚಾಚಿತ್ತು. ಏಮಸ್ ತಿರುಪಿನ ಕಡೆ ನೋಡಲಿಲ್ಲ. ಬಾಗಿಲಲ್ಲಿ ನೆರಳು ಬಿತ್ತು. ಮಿಸ್ಟರ್ ಆಸ್ಟಿಲ್ ಒದ್ದೆ ಬಟ್ಟೆಗಳ ಕೆಳಗೆ ಬಗ್ಗಿ ಬಗ್ಗಿ ಬಂದು, ಟೋಪಿ ಸರಿಮಾಡಿಕೊಳ್ಳುತ್ತಾ ನಿಂತಿದ್ದ.

ಒಳ್ಳೆಯ ಮನುಷ್ಯ. ಅದೇ ಕಷ್ಟವಾದದ್ದು. ಸೊಕ್ಕಿನವನಾಗಿದ್ದರೆ ಏಮಸ್‌ಗೆ ಸಿಟ್ಟಾದರೂ ಆಸರೆಯಾಗುತ್ತಿತ್ತು. ಆಸ್ಟಿಲ್ ಕೈ ಕುಲುಕಿದ, ಅಮ್ಮನ ಒಲೆಯನ್ನು ನೋಡಿ ತಲೆದೂಗಿದ, ಆಮೇಲೆ ಮೈಮೇಲಿನ ಒಳ್ಳೆಯ ಕೋಟನ್ನು ಬಿಚ್ಚಿ ಗೂಟಕ್ಕೆ ಹಾಕಿ, ಚೀಲದಿಂದ ಇನ್ನೊಂದು ಕೋಟು ತೆಗೆದು ತೊಟ್ಟುಕೊಂಡ. ಎದೆಯಿಂದ ಹೊಟ್ಟೆಯವರೆಗೆ ಎಣ್ಣೆಯ ಕಲೆ, ಹಳತರ ಮೇಲೆ ಹೊಸತು. ಏಮಸ್‌ನ ಕಣ್ಣು ಅಲ್ಲೇ ನಿಂತದ್ದನ್ನು ಕಂಡು, ಬೇಜಾರು ಮಾಡಿಕೊಳ್ಳಬೇಡಿ, ಉರುಳೆ ವಾಲ್ವು ನೋಡಲು ಹೋಗುವಾಗ ಇದನ್ನೇ ತರುವುದು ರೂಢಿ, ನನ್ನ ಹೆಂಡತಿಯ ಆಜ್ಞೆ ಎಂದು ನಕ್ಕ. ಹಾಗಾದರೆ ಈ ಕಲೆಗಳೆಲ್ಲ ತನ್ನಂಥವರದು. ಒಬ್ಬೊಬ್ಬನದು ಒಂದೊಂದು. ಅವರಲ್ಲಿ ದುಡ್ಡಿದ್ದವರಿದ್ದರು, ಓದಿದವರಿದ್ದರು, ಎಲ್ಲರೂ ಇದೇ ರೀತಿ ತಿರುಪು ಸಡಿಲಿಸಿರಬೇಕು, ಇವತ್ತೊಂದು ದಿನದ ಮಟ್ಟಿಗೆ ಅಂದುಕೊಂಡಿರಬೇಕು. ಏಮಸ್‌ಗೆ ಕಿವಿ ಬಿಸಿಯಾಯಿತು. ಆಸ್ಟಿಲ್ ಕನ್ನಡಕ ಹಾಕಿಕೊಂಡು ತೊಟ್ಟಿಲನ್ನು ಬಹಳ ಹೊತ್ತು ನೋಡಿದ, ಬೆರಳಿಂದ ಒತ್ತಿದ, ಮತ್ತೆ ನೋಡಿದ. ಎಣ್ಣೆ ಎಷ್ಟಕ್ಕೆ ಇಟ್ಟಿದ್ದೀರಿ ಎಂದು ಕೇಳಿದ. ಗೀರಿಗೆ ಸರಿಯಾಗಿ, ಅಂದ ಏಮಸ್. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೇ ಆಶ್ಚರ್ಯವಾಯಿತು.

ಹೊರಗೆ ಕುಟ್ಟುವ ಸದ್ದು ನಿಂತಿತ್ತು. ಹೆಂಗಸರು ಫ್ರಾಕುಗಳನ್ನು ಹಗ್ಗಕ್ಕೆ ಏರಿಸುತ್ತಿದ್ದರು. ಕುಲುಮೆಯ ಕಿಟಕಿಯಿಂದ ಕಾಣುತ್ತಿತ್ತು: ಸಣ್ಣದು, ಇನ್ನೂ ಸಣ್ಣದು, ತೋಳಿಗೆ ಲೇಸು ಇರುವುದು, ಅಕ್ಕನದನ್ನು ತಂಗಿಗೆ ಮಡಚಿ ಹೊಲಿದದ್ದು. ಗಾಳಿಗೆ ತೋಳುಗಳು ಉಬ್ಬಿ ಎದ್ದು, ಇಳಿದು, ಮತ್ತೆ ಎದ್ದವು. ಮಿಸೆಸ್ ಟಿಬೆಟ್ಸ್ ಅಂಗಿಯ ತೋಳು ಮೇಲಕ್ಕೆ ಮಡಚಿ, ಸೊಂಟಕ್ಕೆ ಕೈಯಿಟ್ಟು, ಹೊಗೆಕೊಳವೆಗೂ ಫ್ರಾಕುಗಳಿಗೂ ನಡುವೆ ಬಂದು ನಿಂತಳು. ಆಸ್ಟಿಲ್ ಕೂಡ ಕಿಟಕಿಯಿಂದ ನೋಡಿದ. ನೋಡಿ, ದನಿ ತಗ್ಗಿಸಿ, "ಮಿಸ್ಟರ್ ಟ್ರೋಮನ್ಸ್, ಇವತ್ತು ಬಿಡೋಣ. ನಾನು ನೋಡಿದ ಉರುಳೆಗಳೆಲ್ಲ ಹೊಗೆ ಬಿಟ್ಟಿವೆ. ಆ ಮಕ್ಕಳ ಬಟ್ಟೆ ಹಾಳಾಗೋದು ಬೇಡ. ಓಡಿಸಿದೆವು ಅಂತಲೇ ನಾನು ವರದಿ ಬರೀತೀನಿ," ಅಂದ. ಅದು ಕರುಣೆ. ಏಮಸ್‌ಗೆ ತಲೆ ತಗ್ಗಿಸಿ ಆಗಲಿ ಅಂದುಬಿಡುವುದು ಬಹಳ ಸುಲಭವಿತ್ತು. ಬಟ್ಟೆಯ ನೆಪ, ಹೆಂಗಸರ ನೆಪ, ಸೋಮವಾರದ ನೆಪ. ಈನಕ್‌ಗೂ ಹೇಳಬಹುದಿತ್ತು: ಗೆಲ್ಲುತ್ತಿದ್ದೆ, ಬಟ್ಟೆ ಅಡ್ಡಬಂತು. ಜೀವಮಾನವೆಲ್ಲ ಹಾಗೇ ಹೇಳಿಕೊಂಡು ಬಸ್ಸಿನ ವಾಲ್ವು ಉಜ್ಜುತ್ತಾ ಕೂತಿರಬಹುದಿತ್ತು.

"ಇಲ್ಲ," ಅಂದ ಏಮಸ್. "ನಾನು ಸುಳ್ಳು ಹೇಳಿದೆ. ತಿರುಪು ಗೀರಿನ ಮೇಲಿಲ್ಲ. ಬೆಳಿಗ್ಗೆ ಅರ್ಧ ಸುತ್ತು ಬಿಚ್ಚಿದೆ. ಎಲ್ಲಿ ಕಚ್ಚಿಕೊಳ್ಳುತ್ತೋ ಅಂತ ಹೆದರಿಕೆ ಆಯ್ತು."

ಏಮಸ್ ಸ್ಕ್ರೂಡ್ರೈವರ್ ತೆಗೆದುಕೊಂಡು, ಈ ಸಲ ಬಾಗಿಲ ಕಡೆ ನೋಡದೆ, ತಿರುಪನ್ನು ಹಿಂದಕ್ಕೆ ತಿರುಗಿಸಿದ. ಗೀರು ಗೀರಿನ ಎದುರು ಬಂತು. ಈಗ ಇದು ಲೆಕ್ಕದ ಪ್ರಕಾರ, ಅಂದ. ಕಚ್ಚಿಕೊಂಡರೆ ಎಂದು ಆಸ್ಟಿಲ್ ಕೇಳಿದ್ದಕ್ಕೆ, ಕಚ್ಚಿಕೊಂಡರೆ ನನ್ನ ಲೆಕ್ಕವೇ ತಪ್ಪು, ಅದಾದರೂ ಗೊತ್ತಾಗಲಿ ಅಂದ. ಹಾಗಂದ ಮೇಲೆ ಎದೆಯ ಮೇಲಿಂದ ಏನೋ ಇಳಿದ ಹಾಗಾಯಿತು. ಅಮ್ಮನಿಗೂ ಸುತ್ತಿಗೆ ಎತ್ತುವಾಗ ಹೀಗೇ ಆಗುತ್ತಿತ್ತೇನೋ, ಕೇಳಿರಲಿಲ್ಲ.

ಅಷ್ಟರಲ್ಲಿ ಹೆಪ್ಸಿ ಬಂದಳು. ಅವಳು ಬಾಗಿಲ ಆಚೆ ನಿಂತು ಎಲ್ಲ ಕೇಳಿಸಿಕೊಂಡಿದ್ದಳೆಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು. ಮನೆಯೊಳಗೆ ಹೋಗಿ ಪೆಟ್ಟಿಗೆಯಿಂದ ಮದುವೆಯ ಹಾಸಿಗೆ ಚಾದರವನ್ನು ತೆಗೆದುಕೊಂಡು ಬಂದಳು. ಏಮಸ್‌ನ ಅಮ್ಮ ಸುಟ್ಟ ಬೆರಳುಗಳಲ್ಲಿ ಅಂಚು ಹೊಲಿದುಕೊಟ್ಟಿದ್ದ ಚಾದರ, ವರ್ಷಕ್ಕೊಮ್ಮೆ ಬಿಸಿಲು ಕಾಣುತ್ತಿದ್ದದ್ದು. ಅದನ್ನು ತೊಟ್ಟಿಯಲ್ಲಿ ಅದ್ದಿ, ಹಿಂಡಿ, ಹೊಗೆಕೊಳವೆಯ ಬಾಯಿಗೆ ನೇರ ಎದುರಿಗೆ, ಎಲ್ಲ ಫ್ರಾಕುಗಳಿಗಿಂತ ಮುಂದೆ, ಹಗ್ಗಕ್ಕೆ ಹಾಕಿ ಕ್ಲಿಪ್ಪು ಸಿಕ್ಕಿಸಿದಳು. ಮಿಸೆಸ್ ಟಿಬೆಟ್ಸ್ ಅವಳನ್ನು ನೋಡಿ, "ತಲೆ ಕೆಟ್ಟಿದೆಯೇನೇ ನಿಂಗೆ? ಅದು ನಿನ್ನ ಅತ್ತೆ ಕೈಯಿಂದು," ಅಂದಳು. "ಗೊತ್ತು. ಅದಕ್ಕೇ ಹಾಕಿದ್ದು," ಅಂದಳು ಹೆಪ್ಸಿ. ಏಮಸ್ ಕಿಟಕಿಯಿಂದ ನೋಡುತ್ತಿದ್ದ. ಅವನ ಗಂಟಲಿನ ಮುಳ್ಳು ಎಲ್ಲಿ ಹೋಯಿತೋ ಅವನಿಗೇ ತಿಳಿಯಲಿಲ್ಲ. ನಲ್ಲಿ ತೆರೆದು, ಗಾಲಿಗೆ ಕೈಹಾಕಿ, ಮೈಭಾರವೆಲ್ಲ ಬಿಟ್ಟು ಎಳೆದ.

ಎಂಜಿನ್ನು ಹಿಡಿಯಿತು. ಕೊಳವೆಯ ಗುಡುಗು ಬಿಟ್ಟರೆ ಬೇರೆ ಸದ್ದಿಲ್ಲ. ಟಕ ಟಕ ಇಲ್ಲ, ಕುಟ್ಟುವುದಿಲ್ಲ. ಆಸ್ಟಿಲ್ ಕಿವಿಯನ್ನು ಎಂಜಿನ್ನಿನ ತಲೆಯ ಹತ್ತಿರ ತಂದು, ಅಲ್ಲಿ ಇರಬೇಕಾದ ಗಲಾಟೆ ಏಕಿಲ್ಲ ಎಂದು ಹುಡುಕುವವನ ಹಾಗೆ ನಿಂತ. ಎಂಜಿನ್ನಿನ ಬಲ ಪರೀಕ್ಷಿಸಲು, ಗಾಲಿಯನ್ನು ತಡೆಯುವಂತೆ ಸುತ್ತಿದ್ದ ಹಗ್ಗದ ತುದಿಗೆ ಏಮಸ್ ಒಂದು ತೂಕ ನೇತುಹಾಕಿದ, ಆಮೇಲೆ ಇನ್ನೊಂದು. ಎಂಜಿನ್ನು ಭಾರ ಎಳೆಯತೊಡಗಿತು. ಹಗ್ಗ ಬಿಸಿಯಾಗಿ, ತಣಿಸಲು ನೀರು ಸುರಿದಲ್ಲಿ ಆವಿ ಎದ್ದಿತು. ಉರುಳೆ ಕಚ್ಚಿಕೊಳ್ಳುವ ಮುಂಚೆ ಒಂದು ಸಣ್ಣ ಕೀರಲು ದನಿ ಬರುತ್ತದೆ, ಒದ್ದೆ ಬೆರಳಿಂದ ಗಾಜು ಉಜ್ಜಿದ ಹಾಗೆ. ಎರಡು ಸಲ ಕೇಳಿದ್ದ ದನಿ. ಈಗ ಅವನಿಗೆ ಕೇಳಿಸಿದ್ದೆಲ್ಲ ಅದೇ: ಗಾಡಿಯ ಚಕ್ರದಲ್ಲಿ ಅದೇ, ರೈಲಿನ ಸೀಟಿಯಲ್ಲಿ ಅದೇ, ತನ್ನ ಹಲ್ಲಿನ ಸಂದಿಯಲ್ಲಿ ಅದೇ. ಗಾಜಿನ ಬುರುಡೆಯಲ್ಲಿ ಒಂದು ತೊಟ್ಟು ಬಿತ್ತು. ಮುಂದಿನದು ಬರಲೇ ಇಲ್ಲ ಅನ್ನಿಸಿತು. ಬಂತು. ಕೈ ತಾನಾಗಿಯೇ ತಿರುಪಿನ ಕಡೆ ಹೋಯಿತು. ಅರ್ಧ ಸುತ್ತು ಬೇಡ, ಕಾಲು ಸುತ್ತು, ಒಂದು ಕೂದಲೆಳೆ. ಅವನು ಕೈಯನ್ನು ಜೇಬಿಗೆ ತುರುಕಿ ಅಲ್ಲೇ ಮುಷ್ಟಿ ಹಿಡಿದುಕೊಂಡ. ಮೊದಲ ಉರುಳೆ ಕೆಟ್ಟ ಹೊತ್ತು ದಾಟಿತು. ಎರಡನೆಯದು ಕೆಟ್ಟ ಹೊತ್ತೂ ದಾಟಿತು. ಹೊರಗೆ ನೋಡುವ ಧೈರ್ಯ ಮಾತ್ರ ಇರಲಿಲ್ಲ.

ಎಂಜಿನ್ನಿನ ಗುಡುಗಿನ ಮೇಲೆ ಬಾಗಿಲಿಂದ ಯಾರೋ ಕೂಗಿದರು. ಮಿಸೆಸ್ ಟಿಬೆಟ್ಸ್. ಕೈಯಲ್ಲಿ ಹಗ್ಗದಿಂದ ತೆಗೆದ ಚಾದರ. ಏಮಸ್ ನಿಲ್ಲಿಸಲು ಕೈ ಚಾಚಿದ. ಅವಳು ಬೇಡ ಬೇಡ ಎಂದು ತಲೆಯಾಡಿಸುತ್ತಾ ಒಳಗೆ ಬಂದು, ಚಾದರವನ್ನು ಅವನ ಮುಖಕ್ಕೆ ಹಿಡಿದಳು. ಬೆಚ್ಚಗಿತ್ತು. ಕೊಳವೆಗೆ ಎದುರಾಗಿದ್ದ ನಡುಭಾಗ ಪೂರ್ತಿ ಒಣಗಿತ್ತು, ಸುತ್ತಲೂ ಇನ್ನೂ ಒದ್ದೆ. ಎಲ್ಲಿ ನೋಡಿದರೂ ಬಿಳಿ. ಅವಳು ಹೆಬ್ಬೆರಳಿಂದ ಉಜ್ಜಿದಳು, ಮೂಸಿದಳು, ಬೆಳಕಿಗೆ ಹಿಡಿದಳು, ಬೆಳಕಿಗೆ ಹಿಡಿದು ಇನ್ನೊಮ್ಮೆ ಉಜ್ಜಿದಳು. ಪೆಟ್ರೋಲಿನ ವಾಸನೆ ಇದೆ, ಭಾನುವಾರದೊಳಗೆ ಹೋಗುತ್ತೆ ಅಂದಳು. ಆಮೇಲೆ ಅವನ ಕಿವಿಯ ಹತ್ತಿರ ಬಂದು, "ನಿಲ್ಲಿಸಬೇಡ. ಫ್ರಾಕುಗಳನ್ನ ಈ ಕಡೆಗೆ ಹಾಕ್ತೀವಿ. ಮಸಿ ಬೀಳೋದರೊಳಗೆ ಒಣಗಿಬಿಡಲಿ. ಸಾಕಾದಾಗ ನಾನೇ ಹೇಳ್ತೀನಿ," ಅಂದಳು.

ಹೆಂಗಸರು ಹಗ್ಗಗಳನ್ನು ಬಿಚ್ಚಿ ಕೊಳವೆಯ ಸುತ್ತ ಕಟ್ಟಿದರು. ಅಂದುಕೊಂಡಿದ್ದಕ್ಕಿಂತ ಎಷ್ಟೋ ಹೆಚ್ಚು ಹೊತ್ತು ಎಂಜಿನ್ನು ಓಡಬೇಕಾಯಿತು. ಆಸ್ಟಿಲ್ ಒಮ್ಮೆ ಗಡಿಯಾರ ತೆಗೆದು ನೋಡಿ, ರೈಲು ಹೋಯಿತೆಂದುಕೊಂಡು ಅದನ್ನು ಒಳಗಿಟ್ಟ. ಕಲೆಯ ಕೋಟನ್ನು ಬಿಚ್ಚಿ ಮಡಚಿ, ಅದರ ಮೇಲೆಯೇ ಕೂತ. ಫ್ರಾಕುಗಳು ಒಂದೊಂದಾಗಿ ಒಣಗಿ, ಮಡಚಿಕೊಂಡು, ಬುಟ್ಟಿ ಸೇರಿದವು. ದೊಡ್ಡ ಕಾರ್ಖಾನೆಯ ಚಿಮಣಿ ಕಪ್ಪಗೆ ಉಗುಳಲು ಶುರುಮಾಡಿತು. ಕೊನೆಯ ಫ್ರಾಕು ಕೈಗೆ ಬಂದಾಗ ಮಿಸೆಸ್ ಟಿಬೆಟ್ಸ್ ಬಾಗಿಲಲ್ಲಿ ನಿಂತು ಕೈ ಎತ್ತಿದಳು. ಏಮಸ್ ನಿಲ್ಲಿಸಿದ. ಸದ್ದು ಹೋದ ಮೇಲೆ ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ಕಾದ ಎಂಜಿನ್ನಿನ ಪಕ್ಕ ಬಗ್ಗಿ, ಎರಡು ಬೆರಳಿಂದ ಗಾಲಿಯನ್ನು ತಳ್ಳಿದ. ಉರುಳೆ ತಿರುಗಿತು, ಸಲೀಸಾಗಿ.

ಆಸ್ಟಿಲ್ ಎದ್ದು ಒಳ್ಳೆಯ ಕೋಟು ತೊಟ್ಟುಕೊಂಡ. ನಮ್ಮ ಮುಖ್ಯ ಎಂಜಿನಿಯರ್ ಇದನ್ನು ಕಣ್ಣಾರೆ ನೋಡಬೇಕು, ಅವರನ್ನು ಕರೆದುಕೊಂಡು ಬರುತ್ತೇನೆ ಅಂದ. "ಯಾವ ದಿನ ಬರಲಿ, ಮಿಸ್ಟರ್ ಟ್ರೋಮನ್ಸ್?"

ಏಮಸ್ ಬಾಯಿ ತೆರೆದವನು ಮುಚ್ಚಿಕೊಂಡ. ಈ ಸಲ ಹಿಂದುಮುಂದು ನೋಡದೆ ಹೇಳುವ ಹಾಗಿರಲಿಲ್ಲ. ತಿರುಗಿ ಬಾಗಿಲ ಕಡೆ ನೋಡಿದ. ಹೆಪ್ಸಿ ಚಾದರ ಮಡಚುತ್ತಿದ್ದಳು. ಅದರ ಇನ್ನೊಂದು ತುದಿ ಮಿಸೆಸ್ ಟಿಬೆಟ್ಸ್ ಕೈಯಲ್ಲಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಸೋಮವಾರಾನೇ ಬರ್ಲಿ," ಅಂದಳು ಮಿಸೆಸ್ ಟಿಬೆಟ್ಸ್.